ಜಮಖಾನೆ ಬಣ್ಣ ಬಿಡುವುದೇಕೆ? ಬಿಡದಂತೆ ತೊಳೆಯುವುದು ಹೇಗೆ?

ಮಳೆ ಸ್ವಲ್ಪ ಹಿಂದೆ ಸರಿದು ಎರಡು ದಿನ ಬಿಸಿಲು ಬಿದ್ದರೆ ಸಾಕು. ಶಿರಸಿ, ಸಿದ್ದಾಪುರ ಕಡೆ ಅಟ್ಟದ ಮೇಲಿದ್ದ ಜಮಖಾನೆ, ಕೌದಿ, ಚಿಂದಿ ಮ್ಯಾಟು ಎಲ್ಲ ಅಂಗಳಕ್ಕೆ ಇಳಿಯುತ್ತವೆ. ಕಾರವಾರದಲ್ಲಿ ಟೆರೇಸಿನ ಕಟ್ಟೆಗಳ ಮೇಲೆ ಅದೇ ಸಾಲು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಕುಡಿದು ಅವು ಮುಗ್ಗಲು ವಾಸನೆ ಹಿಡಿದಿರುತ್ತವೆ. ನವರಾತ್ರಿ, ದೀಪಾವಳಿಗೆ ನೆಂಟರು ಬರುತ್ತಾರೆ, ತೊಳೆಯಲೇಬೇಕು. ಅನಾಹುತ ಆಗುವುದೂ ಆಗಲೇ.

ನಮ್ಮ ಮನೆಯಲ್ಲೂ ಆಗಿದೆ. ಕೆಂಪು ಬಿಳಿ ಪಟ್ಟೆಯ ಹತ್ತಿ ಜಮಖಾನೆಯೊಂದಿತ್ತು. ಬಚ್ಚಲಿನ ಹಂಡೆಯಲ್ಲಿ ಹೇಗೂ ಬಿಸಿನೀರಿದೆ ಎಂದು ಟಬ್ಬಿಗೆ ಸುರಿದು, ಎರಡು ಹಿಡಿ ಸೋಪಿನ ಪುಡಿ ಹಾಕಿ, ರಾತ್ರಿಯಿಡೀ ನೆನೆಹಾಕಿದೆ. ಬೆಳಿಗ್ಗೆ ಟಬ್ಬಿನ ನೀರು ಆರತಿಯ ಓಕುಳಿಯ ಹಾಗಿತ್ತು. ಬಿಳಿ ಪಟ್ಟೆಗಳೆಲ್ಲ ಗುಲಾಬಿ. "ಒಂದು ಮೂಲೆ ಒದ್ದೆ ಮಾಡಿ ನೋಡ್ಬೇಕಿತ್ತು" ಅಂದರು ಅಮ್ಮ. ಆ ಮಾತು ಎಷ್ಟು ಸರಿ ಎಂದು ತಿಳಿದದ್ದು ಬಣ್ಣ ನೂಲಿನಲ್ಲಿ ಹೇಗೆ ಕೂರುತ್ತದೆ ಎಂದು ಓದಿ ಅರ್ಥ ಮಾಡಿಕೊಂಡ ಮೇಲೆ. ನಾನು ಅವತ್ತು ಮಾಡಿದ ಮೂರೂ ಕೆಲಸ, ಅಂದರೆ ಬಿಸಿನೀರು, ಜಾಸ್ತಿ ಸೋಪಿನ ಪುಡಿ, ಇಡೀ ರಾತ್ರಿ ನೆನೆಸುವುದು, ಹತ್ತಿಯ ಬಣ್ಣವನ್ನು ಎಬ್ಬಿಸುವ ಕೆಲಸಗಳೇ ಆಗಿದ್ದವು.

ಬಣ್ಣ ನೂಲಿನಲ್ಲಿ ಕೂರುವ ಬಗೆ

ಎಲ್ಲ ಬಣ್ಣವೂ ಹತ್ತಿಯನ್ನು ಒಂದೇ ಥರ ಹಿಡಿದುಕೊಂಡಿರುವುದಿಲ್ಲ. ಮುಖ್ಯವಾಗಿ ಮೂರು ಬಗೆ ಇದೆ. ಅಂಗಡಿಯವರು "ಪಕ್ಕಾ ಬಣ್ಣ", "ಕಚ್ಚಾ ಬಣ್ಣ" ಎನ್ನುವುದರ ಹಿಂದೆ ಇರುವುದು ಇದೇ.

ಮೊದಲನೆಯದು ನೇರ ಬಣ್ಣ, ಅಂದರೆ ಡೈರೆಕ್ಟ್ ಡೈ. ಬಿಸಿನೀರಿನಲ್ಲಿ ಬಣ್ಣ, ಉಪ್ಪು ಹಾಕಿ ನೂಲು ಮುಳುಗಿಸಿದರೆ ಮುಗಿಯಿತು. ಅಗ್ಗ, ಸುಲಭ. ಆದರೆ ಈ ಬಣ್ಣ ಹತ್ತಿಯ ಎಳೆಯೊಳಗೆ ಹೋಗಿ ಸುಮ್ನೆ ಕೂತಿರುತ್ತದೆ, ಗಟ್ಟಿಯಾಗಿ ಕಟ್ಟಿಕೊಂಡಿರುವುದಿಲ್ಲ. ಅಂಗಿಯ ಜೇಬಿನಲ್ಲಿ ಇಟ್ಟ ನಾಣ್ಯದ ಹಾಗೆ. ನಡೆದಾಡುವಾಗ ಬೀಳುವುದಿಲ್ಲ, ಅಂಗಿ ತಲೆಕೆಳಗೆ ಮಾಡಿದರೆ ಬೀಳುತ್ತದೆ. ಇಂಥ ಬಣ್ಣ ಪ್ರತಿ ಸಲ ತೊಳೆದಾಗಲೂ ಸ್ವಲ್ಪ ಸ್ವಲ್ಪ ಹೋಗುತ್ತಲೇ ಇರುತ್ತದೆ.

ಎರಡನೆಯದು ರಿಯಾಕ್ಟಿವ್ ಡೈ. ಇದು ಹತ್ತಿಯ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. 1956ರಲ್ಲಿ ಮಾರುಕಟ್ಟೆಗೆ ಬಂದ ಈ ಬಗೆಯ ಬಣ್ಣ ಹತ್ತಿ ಬಟ್ಟೆಯ ಲೋಕವನ್ನೇ ಬದಲಿಸಿತು. ಜೇಬಿನ ನಾಣ್ಯಕ್ಕೆ ಹೋಲಿಸಿದರೆ ಇದು ಅಂಗಿಗೆ ದಾರ ಹಾಕಿ ಹೊಲಿದ ಗುಂಡಿ. ಹಾಗಿದ್ದರೂ ಹೊಸ ಜಮಖಾನೆ ಮೊದಲ ಒಂದೆರಡು ತೊಳೆತದಲ್ಲಿ ಬಣ್ಣ ಬಿಡುವುದುಂಟು. ಏಕೆಂದರೆ ಬಣ್ಣ ಹಾಕುವಾಗ ಎಲ್ಲ ಕಣಗಳೂ ಬೆಸೆದುಕೊಳ್ಳುವುದಿಲ್ಲ. ಹೊಲಿಗೆ ಬೀಳದ ಗುಂಡಿಗಳು ಒಂದಷ್ಟು ಹಾಗೇ ಉಳಿದಿರುತ್ತವೆ. ಅವನ್ನು ತಯಾರಿಸುವ ಕಡೆಯೇ ಬಿಸಿ ಸಾಬೂನು ನೀರಿನಲ್ಲಿ ಚೆನ್ನಾಗಿ ತೊಳೆದು ತೆಗೆಯಬೇಕು. ಆ ಕೆಲಸ ಅವಸರದಲ್ಲಿ ಆಗಿದ್ದರೆ ಅದು ನಮ್ಮ ಬಚ್ಚಲಿನಲ್ಲಿ ಆಗುತ್ತದೆ.

ಮೂರನೆಯ ಬಗೆಗೆ ಒಳ್ಳೆಯ ಉದಾಹರಣೆ ನೀಲಿ, ಅಂದರೆ ಇಂಡಿಗೋ. ಇದನ್ನು ಮೊದಲು ನೀರಿನಲ್ಲಿ ಕರಗುವ ರೂಪಕ್ಕೆ ತಂದು ನೂಲಿಗೆ ಕುಡಿಸುತ್ತಾರೆ. ಆಮೇಲೆ ಗಾಳಿಗೆ ಹಿಡಿದಾಗ ಅದು ಎಳೆಯೊಳಗೇ ಕರಗದ ಬಣ್ಣವಾಗಿ ನಿಲ್ಲುತ್ತದೆ. ಗೋಡೆಗೆ ಬಳಿದ ಸುಣ್ಣ ನೆನಪಿಸಿಕೊಳ್ಳಿ. ಒಣಗಿದ ಮೇಲೆ ಮಳೆ ಹೊಡೆದರೂ ಸುಲಭಕ್ಕೆ ಹೋಗುವುದಿಲ್ಲ. ಆದರೆ ಬೆನ್ನು ಒರಗಿಸಿದರೆ ಅಂಗಿಗೆ ಹತ್ತುತ್ತದೆ ಅಲ್ವಾ? ನೀಲಿಯೂ ಹಾಗೇ. ನೀರಿಗೆ ಅಷ್ಟು ಬಿಡದಿದ್ದರೂ ಉಜ್ಜಿದರೆ ಮೇಲ್ಮೈಯಿಂದ ಕಿತ್ತುಬರುತ್ತದೆ. ಅದಕ್ಕೇ ನೀಲಿ ಜಮಖಾನೆಯ ಮೇಲೆ ಬ್ರಷ್ ಆಡಿಸಬಾರದು.

ಕೊಳ್ಳುವಾಗ ಯಾವ ಬಣ್ಣ ಎಂದು ಹೆಸರು ಬರೆದಿರುವುದಿಲ್ಲ. ಒಂದೇ ಜಮಖಾನೆಯಲ್ಲಿ ಕೆಂಪು ಒಂದು ಬಗೆ, ಹಸಿರು ಇನ್ನೊಂದು ಬಗೆ ಇರಬಹುದು. ಚಿಂದಿ ಮ್ಯಾಟಂತೂ ಹತ್ತಾರು ಬಟ್ಟೆಗಳ ತುಂಡು ಸೇರಿಸಿ ನೇಯ್ದದ್ದು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕೌದಿಯೂ ಹಾಗೆಯೇ. ಹಳೆ ಸೀರೆ, ಅಂಗಿ, ಲಂಗ ಎಲ್ಲ ಒಂದೇ ಕೌದಿಯಲ್ಲಿ. ಒಂದು ತುಂಡು ಹತ್ತು ವರ್ಷ ತೊಳೆದು ಬಣ್ಣ ಬಿಟ್ಟು ಮುಗಿದದ್ದು, ಪಕ್ಕದ್ದು ಒಮ್ಮೆಯೂ ನೀರು ಕಾಣದ್ದು. ಹೀಗಾಗಿ "ಇದು ಬಣ್ಣ ಬಿಡುತ್ತದೆಯೇ" ಎಂದು ಇಡೀ ಜಮಖಾನೆಗೋ ಕೌದಿಗೋ ಒಂದೇ ಪ್ರಶ್ನೆ ಕೇಳಿದರೆ ಉತ್ತರ ಸಿಗದು. ಒಂದೊಂದು ಬಣ್ಣಕ್ಕೂ ಬೇರೆಯಾಗಿ ಕೇಳಬೇಕು.

ಬಣ್ಣವನ್ನು ಎಬ್ಬಿಸುವುದು ಏನು?

ಬಿಸಿ ಒಂದು. ನೀರು ಬಿಸಿಯಾದಷ್ಟೂ ಎಳೆಯೊಳಗಿನ ಬಣ್ಣದ ಕಣಗಳಿಗೆ ಓಡಾಟ ಜಾಸ್ತಿ. ಬಣ್ಣ ಹಾಕುವಾಗ ಬಿಸಿನೀರು ಬೇಕಾಗುವುದೂ ಇದಕ್ಕೇ. ಒಳಗೆ ಹೋಗಲು ತೆರೆದ ಬಾಗಿಲಿನಲ್ಲೇ ಅದು ಹೊರಗೂ ಬರುತ್ತದೆ.

ಇನ್ನೊಂದು ಕ್ಷಾರ. ಅಂದರೆ ಸುಣ್ಣ, ಸೋಡಾ, ಬೂದಿಯ ನೀರಿನಂಥ ಗುಣ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕ್ಷಣದಲ್ಲಿ ಕೆಂಪು ಓಕುಳಿ ಆಗುವುದನ್ನು ನಾವೆಲ್ಲ ಕಂಡವರೇ. ಕ್ಷಾರ ಬಣ್ಣದ ಮೇಲೆ ಏನು ಮಾಡಬಲ್ಲದು ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಪ್ರಯೋಗ ಬೇಕಿಲ್ಲ. ಬಟ್ಟೆ ಒಗೆಯುವ ಪುಡಿಗಳಲ್ಲಿ ಕೊಳೆ ಬಿಡಿಸಲೆಂದು ಸೋಡಾ ಹಾಕಿರುತ್ತಾರೆ. ಬಿಳಿ ಪಂಚೆಗೆ ಅದು ಒಳ್ಳೆಯದು. ಸಡಿಲ ಬಣ್ಣದ ಜಮಖಾನೆಗೆ ಅಲ್ಲ.

ಮೂರನೆಯದು ಸಮಯ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ. ತಣ್ಣೀರಿನಲ್ಲಿ ಐದು ನಿಮಿಷ ಇದ್ದ ಜಮಖಾನೆಗೂ ಒಂದು ರಾತ್ರಿ ಇದ್ದದ್ದಕ್ಕೂ ಅಜಗಜಾಂತರ. ನಾವು ಮರೆಯುವ ಸಂಗತಿಯೊಂದಿದೆ: ಟಬ್ಬಿನಿಂದ ಎತ್ತಿದ ಕೂಡಲೇ ಈ ಸಮಯ ಮುಗಿಯುವುದಿಲ್ಲ. ಹಗ್ಗದ ಮೇಲೆ ನೇತುಹಾಕಿ ಒಣಗುವವರೆಗೂ ನೂಲಿನೊಳಗೆ ನೀರು ಇರುತ್ತದೆ, ಹರಿದಾಡುತ್ತದೆ. ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ ಒಣಗುವ ಜಾಗ ಒದ್ದೆ ಜಾಗದಿಂದ ನೀರು ಎಳೆಯುತ್ತದೆ. ಆ ನೀರಿನ ಜೊತೆ ಬಣ್ಣವೂ ಹೋಗುತ್ತದೆ. ತೊಳೆಯುವಾಗ ಚೆನ್ನಾಗಿದ್ದು ಒಣಗಿದ ಮೇಲೆ ಅಂಚಿನಲ್ಲಿ ಬಣ್ಣ ಕಟ್ಟಿದ ಜಮಖಾನೆ ನೋಡಿದ್ದರೆ, ಕಾರಣ ಇದು.

ಉಪ್ಪು, ವಿನೆಗರ್, ಪಟಿಕ

"ಮೊದಲ ಸಲ ಉಪ್ಪುನೀರಿನಲ್ಲಿ ನೆನೆಸಿಡಿ, ಬಣ್ಣ ನಿಲ್ಲುತ್ತದೆ" ಎನ್ನುವ ಸಲಹೆ ಪ್ರತಿ ಮನೆಯಲ್ಲೂ ಇದೆ. ಗೋಕರ್ಣದ ಪಕ್ಕದ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರವೇ ಇರುವಾಗ ನಮ್ಮ ಕಡೆ ಉಪ್ಪಿಗೇನು ಬರ. ಆದರೆ ಈ ಸಲಹೆ ಅರ್ಧ ಮಾತ್ರ ನಿಜ. ಬಣ್ಣ ಹಾಕುವ ಹೊತ್ತಿನಲ್ಲಿ ಉಪ್ಪು ಬಹಳ ಮುಖ್ಯ. ನೀರಿನಲ್ಲಿ ಹತ್ತಿಯೂ ಬಣ್ಣವೂ ಒಂದೇ ಬಗೆಯ ವಿದ್ಯುತ್ ಗುಣ ತಾಳಿ ಒಂದನ್ನೊಂದು ತಳ್ಳುತ್ತವೆ. ಉಪ್ಪು ಆ ಜಗಳ ಕಡಿಮೆ ಮಾಡಿ ಬಣ್ಣವನ್ನು ನೂಲಿನ ಕಡೆ ದೂಡುತ್ತದೆ. ಸಿದ್ಧವಾದ ಜಮಖಾನೆಯನ್ನು ಉಪ್ಪುನೀರಿಗೆ ಹಾಕಿದಾಗಲೂ ಬಣ್ಣ ಅಷ್ಟು ಹೊತ್ತು ಹೊರಗೆ ಬರಲು ಹಿಂಜರಿಯಬಹುದು. ಆದರೆ ಉಪ್ಪು ಅದನ್ನು ಕಟ್ಟಿಹಾಕುವುದಿಲ್ಲ. ಮುಂದಿನ ಸಲ ಸಾದಾ ನೀರು ಬಿದ್ದಾಗ ಬಣ್ಣ ಮತ್ತೆ ಬರುತ್ತದೆ.

ವಿನೆಗರ್ ಕಥೆ ಬೇರೆ. ಹುಳಿ ಬೇಕಾಗುವುದು ಉಣ್ಣೆ, ರೇಷ್ಮೆಗೆ ಹಾಕುವ ಬಣ್ಣಗಳಿಗೆ. ಹತ್ತಿಯ ಬಣ್ಣವನ್ನು ಅದು ನಿಲ್ಲಿಸುವುದಿಲ್ಲ. ಕೊನೆಯ ನೀರಿಗೆ ಒಂದೆರಡು ಚಮಚ ಬಿಳಿ ವಿನೆಗರ್ ಹಾಕಿದರೆ ಉಳಿದ ಸೋಪಿನ ಕ್ಷಾರ ಹೋಗುತ್ತದೆ, ಆ ಮಟ್ಟಿಗೆ ಉಪಯೋಗವಿದೆ. ಪಟಿಕವೂ ಅಷ್ಟೇ. ಮಂಜಿಷ್ಠದಂಥ ಗಿಡಮೂಲದ ಬಣ್ಣ ಹಾಕುವಾಗ ಅದು ಬಣ್ಣಕ್ಕೂ ನೂಲಿಗೂ ನಡುವೆ ಕೊಂಡಿ ಆಗುತ್ತದೆ. ಅಂಗಡಿಯಿಂದ ತಂದ ಜಮಖಾನೆಯನ್ನು ಪಟಿಕದ ನೀರಿನಲ್ಲಿ ಅದ್ದಿದರೆ ಆ ಕೆಲಸ ನಡೆಯುವುದಿಲ್ಲ.

ನಿಜವಾಗಿ ಬಣ್ಣ ಹಿಡಿಯುವ ದ್ರಾವಣಗಳು ಇವೆ. ಬಣ್ಣ ಹಾಕುವವರು ನೇರ ಬಣ್ಣಕ್ಕೆ ಕೊನೆಯಲ್ಲಿ ಹಚ್ಚುವಂಥವು. ಹೊಸ ಜಮಖಾನೆಗೆ ಅವು ಸಹಾಯ ಮಾಡುತ್ತವೆ. ಆದರೆ ಕೊಳೆ ಇರುವ ಜಮಖಾನೆಗೆ ಹಾಕಿದರೆ ಕೊಳೆಯೂ ಜೊತೆಗೇ ಕೂರುವ ಅಪಾಯವಿದೆ.

ನೀರು ಮುಟ್ಟಿಸುವ ಮೊದಲು

ಮೊದಲ ಕೆಲಸ ಧೂಳು. ನಮ್ಮದು ಚಿರೆಕಲ್ಲಿನ ನೆಲ, ಕೆಂಪು ಮಣ್ಣು. ಅದರ ನುಣ್ಣನೆಯ ಪುಡಿ ಹಾಸಿನ ನೂಲುಗಳ ನಡುವೆ ಸೇರಿಕೊಂಡಿರುತ್ತದೆ. ಒಣಗಿದ್ದಾಗ ಕೊಡವಿದರೆ ಬೀಳುತ್ತದೆ. ಒದ್ದೆಯಾದರೆ ಕೆಸರು. ಜಮಖಾನೆಯನ್ನು ಕಟ್ಟೆಯ ಮೇಲೆ ಬೋರಲು ಹಾಕಿ, ಹಿಂಭಾಗದಿಂದ ಮೆತ್ತಗೆ ಬಡಿಯಿರಿ. ಮತ್ತೆ ಮಗುಚಿ ಬಡಿಯಿರಿ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ನೂಲಿನ ದಿಕ್ಕಿನಲ್ಲೇ ಆಡಿಸಿ, ತುದಿಯ ಕುಚ್ಚುಗಳನ್ನು ಬಿಟ್ಟು. ಈ ಕೆಲಸಕ್ಕೆ ಅರ್ಧ ಗಂಟೆ ಕೊಡಿ. ಎಷ್ಟೋ ಸಲ ಇಷ್ಟಕ್ಕೇ ಹಾಸು ಹೊಸದಾಗಿ ಕಾಣುತ್ತದೆ, ತೊಳೆಯುವ ಅಗತ್ಯವೇ ಬೀಳುವುದಿಲ್ಲ.

ಆಮೇಲೆ ಅಮ್ಮ ಹೇಳಿದ ಪರೀಕ್ಷೆ. ಹಳೆ ಬಿಳಿ ಪಂಚೆಯ ತುಂಡನ್ನು ತಣ್ಣೀರಿನಲ್ಲಿ ಅದ್ದಿ ಹಿಂಡಿ. ಹಾಸಿನ ಮೂಲೆಯಲ್ಲಿ, ಕಣ್ಣಿಗೆ ಬೀಳದ ಕಡೆ, ಒಂದು ಬಣ್ಣದ ಮೇಲೆ ಇಟ್ಟು ಮೇಲೊಂದು ಭಾರ ಹೇರಿ. ಹತ್ತು ನಿಮಿಷ ಬಿಡಿ. ಪಂಚೆಗೆ ಬಣ್ಣ ಹತ್ತಿತೇ ನೋಡಿ. ಪ್ರತಿ ಬಣ್ಣಕ್ಕೂ ಹೀಗೇ ಮಾಡಬೇಕು. ಸಾದಾ ನೀರಿನಲ್ಲಿ ಏನೂ ಹತ್ತದಿದ್ದರೆ ನೀವು ಬಳಸಲಿರುವ ಸೋಪಿನ ನೀರಿನಲ್ಲಿ ಇನ್ನೊಮ್ಮೆ. ಎಷ್ಟೋ ಬಣ್ಣಗಳು ನೀರಿಗೆ ಬಗ್ಗುವುದಿಲ್ಲ, ಸೋಪಿಗೆ ಬಗ್ಗುತ್ತವೆ. ಕೊನೆಗೆ ಒಣಬಟ್ಟೆಯಿಂದ ನಾಲ್ಕು ಸಲ ಉಜ್ಜಿ ನೋಡಿ. ಒಣಬಟ್ಟೆಗೂ ಬಣ್ಣ ಬಂದರೆ ಅದು ಗೋಡೆಯ ಸುಣ್ಣದ ಜಾತಿ, ಮುಂದೆ ಉಜ್ಜುವ ಹಾಗಿಲ್ಲ. ಪಂಚೆಗೆ ಕಂದು ಬಣ್ಣ ಹತ್ತಿದರೆ ಗಾಬರಿ ಬೇಡ, ಅದು ಮಣ್ಣೂ ಇರಬಹುದು. ಧೂಳನ್ನು ಮೊದಲು ತೆಗೆಯಬೇಕು ಎನ್ನುವುದು ಇದಕ್ಕೂ ಸೇರಿಯೇ.

ಬಣ್ಣ ಹತ್ತದಿದ್ದರೆ, ಅಥವಾ ತುಸು ಮಾತ್ರ ಹತ್ತಿದರೆ

ತಣ್ಣೀರಿನಲ್ಲಿ ತೊಳೆಯಬಹುದು. ಟಬ್ಬು ಬೇಡ. ಟಬ್ಬಿನಲ್ಲಿ ಕೆಂಪಿನಿಂದ ಬಿಟ್ಟ ಬಣ್ಣ ಅದೇ ನೀರಿನಲ್ಲಿ ಉಳಿದು ಬಿಳಿಗೆ ಹತ್ತುತ್ತದೆ. ನೀರು ಹರಿದುಹೋಗುವ ಇಳಿಜಾರು ಬೇಕು. ಸಿಮೆಂಟಿನ ಅಂಗಳ, ಟೆರೇಸು, ಅಗಲವಾದ ಒಗೆಯುವ ಕಲ್ಲು, ಯಾವುದಾದರೂ ಸರಿ. ಹಾಸನ್ನು ಹಾಕುವ ದಿಕ್ಕಿನಲ್ಲೇ ಅರ್ಧ ಗೆಲುವಿದೆ. ಪಟ್ಟೆಗಳಿದ್ದರೆ ಪಟ್ಟೆಯ ಉದ್ದಕ್ಕೇ ನೀರು ಹರಿಯುವಂತೆ ಹಾಕಿ. ಆಗ ಕೆಂಪಿನ ನೀರು ಕೆಂಪಿನಲ್ಲೇ ಇಳಿದು ಹೋಗುತ್ತದೆ. ಒಂದು ತುದಿ ತಿಳಿ, ಇನ್ನೊಂದು ಗಾಢ ಆಗಿದ್ದರೆ ತಿಳಿ ತುದಿ ಮೇಲೆ ಇರಲಿ.

ಸೋಪು ಸೌಮ್ಯವಾಗಿರಬೇಕು. ಬಣ್ಣ ಹಾಕದ ಸಾದಾ ಶಾಂಪೂ, ಅಥವಾ ರೇಷ್ಮೆ ಉಣ್ಣೆಗೆಂದು ಮಾರುವ ದ್ರವ ಸೋಪು. ಒಂದು ಬಕೆಟ್ ನೀರಿಗೆ ಒಂದು ಚಮಚ ಸಾಕು. ನಮ್ಮ ಕಾಡಿನಲ್ಲಿ ಸಿಗುವ ಅಂಟುವಾಳಕಾಯಿಯೂ ಒಳ್ಳೆಯದೇ. ಅದರ ನೊರೆಯಲ್ಲಿ ಕ್ಷಾರವಿಲ್ಲ. ಆದರೆ ಅದರ ರಸಕ್ಕೆ ಕಂದು ಛಾಯೆ ಇದೆ. ಬಿಳಿ ಜಾಸ್ತಿ ಇರುವ ಜಮಖಾನೆಗೆ ತೆಳುವಾಗಿ ಬಳಸಿ, ಚೆನ್ನಾಗಿ ನೀರು ಹೊಯ್ಯಿರಿ.

ಸೋಪಿನ ನೀರನ್ನು ಸ್ಪಂಜಿನಿಂದ ಒತ್ತಿ ಒತ್ತಿ ಹಚ್ಚಿ, ಉಜ್ಜಬೇಡಿ. ಕಲ್ಲಿಗೆ ಬಡಿಯುವುದಂತೂ ಬೇಡವೇ ಬೇಡ. ಎರಡು ಮೂರು ನಿಮಿಷದಲ್ಲಿ ನೀರು ಬಿಡಿ. ಕೆಳಗೆ ಹರಿಯುವ ನೀರು ತಿಳಿಯಾಗುವವರೆಗೆ, ನೊರೆ ನಿಲ್ಲುವವರೆಗೆ ನಿಲ್ಲಿಸಬಾರದು. ಸೋಪು ಉಳಿದರೆ ಹಾಸು ಅಂಟಂಟಾಗಿ ಬೇಗ ಧೂಳು ಹಿಡಿಯುತ್ತದೆ. ಕಾಳಿ, ಗಂಗಾವಳಿ, ಅಘನಾಶಿನಿಯ ಅಳಿವೆ ಹತ್ತಿರದ ಬಾವಿಗಳಲ್ಲಿ ಬೇಸಿಗೆಯಲ್ಲಿ ನೀರು ಸಪ್ಪೆ ಇರುವುದಿಲ್ಲ, ಉಪ್ಪಾಗುತ್ತದೆ. ಅಂಥ ನೀರಿನಲ್ಲಿ ಸೋಪು ನೊರೆ ಬರುವುದು ಕಷ್ಟ, ಹಾಗಾಗಿ ನಾವು ಇನ್ನಷ್ಟು ಹಾಕುತ್ತೇವೆ, ಅದು ಬಿಡುವುದು ಇನ್ನೂ ತಡವಾಗುತ್ತದೆ. ಕೊನೆಯ ಎರಡು ಬಕೆಟ್ ಆದರೂ ಒಳ್ಳೆಯ ನೀರು ಇರಲಿ. ನೂಲಿನಲ್ಲಿ ಉಳಿದ ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಹಾಸು ಯಾವಾಗಲೂ ಥಂಡಿಯಾಗಿಯೇ ಇರುತ್ತದೆ.

ಪಂಚೆ ಪೂರ್ತಿ ಬಣ್ಣವಾದರೆ

ತೊಳೆಯಬೇಡಿ. ನೊರೆಯಿಂದ ಒರೆಸಿ, ಅಷ್ಟೇ. ಬಟ್ಟಲಿನಲ್ಲಿ ಸೌಮ್ಯ ಸೋಪು, ಸ್ವಲ್ಪ ನೀರು ಹಾಕಿ ಮಜ್ಜಿಗೆ ಕಡೆದ ಹಾಗೆ ಕಡೆಯಿರಿ. ಮೇಲೆ ಬಂದ ನೊರೆಯನ್ನು ಮಾತ್ರ ಸ್ಪಂಜಿಗೆ ತೆಗೆದುಕೊಳ್ಳಿ. ನೊರೆಯಲ್ಲಿ ಇರುವುದು ಹೆಚ್ಚಾಗಿ ಗಾಳಿ, ನೀರು ಬಹಳ ಕಡಿಮೆ. ಒಂದು ಬಣ್ಣದ ಭಾಗ ಒರೆಸಿ, ಒಣಬಟ್ಟೆಯಿಂದ ಒತ್ತಿ ತೇವ ತೆಗೆದು, ಆಮೇಲೆ ಪಕ್ಕದ ಬಣ್ಣಕ್ಕೆ ಹೋಗಿ. ಬಟ್ಟೆ ಬದಲಿಸುತ್ತಿರಿ. ನಿಧಾನದ ಕೆಲಸ, ಆದರೆ ಹಾಸು ಉಳಿಯುತ್ತದೆ. ಅಜ್ಜಿಯ ಕಾಲದ ಜಮಖಾನೆ ಅಥವಾ ನವಲಗುಂದದ ಕೈಮಗ್ಗದ ಜಮಖಾನೆ ಹೀಗೆ ಬಣ್ಣ ಬಿಡುತ್ತಿದ್ದರೆ ಹಾಸುಗಳನ್ನೇ ಶುಚಿ ಮಾಡುವ ಅನುಭವ ಇರುವವರಿಗೆ ಕೊಡುವುದು ಮೇಲು. ಕೊಡುವಾಗ ಬಣ್ಣ ಹತ್ತಿದ ಆ ಪಂಚೆ ತುಂಡನ್ನೂ ತೋರಿಸಿ.

ಒಣಗಿಸುವುದೇ ದೊಡ್ಡ ಕೆಲಸ

ಹತ್ತಿಗೆ ಒಂದು ಒಳ್ಳೆಯ ಗುಣವಿದೆ. ಒದ್ದೆಯಾದಾಗ ಅದರ ಎಳೆ ಇನ್ನೂ ಗಟ್ಟಿ ಆಗುತ್ತದೆ. ಹಾಗಾಗಿ ನೀರಿನಿಂದಲೇ ಹಾಸು ಹರಿಯುವುದಿಲ್ಲ, ನೀರಿನ ಭಾರದಿಂದ ಹಾಳಾಗುತ್ತದೆ. 2 ಕಿಲೋದ ಜಮಖಾನೆ ನೀರು ಕುಡಿದರೆ ತನ್ನ ತೂಕದ ಎರಡರಷ್ಟಕ್ಕಿಂತ ಜಾಸ್ತಿ ತೂಗುತ್ತದೆ. ಹಗ್ಗಕ್ಕೆ ನೇತುಹಾಕಿದರೆ ಹಾಸುನೂಲು ಎಳೆದು ಆಕಾರ ಕೆಡುತ್ತದೆ. ನೀರೆಲ್ಲ ಕೆಳಗಿನ ಅಂಚಿಗೆ ಇಳಿದು, ಬಣ್ಣವೂ ಅಲ್ಲಿಗೇ ಸೇರುತ್ತದೆ.

ಮೊದಲು ನೀರು ತೆಗೆಯಿರಿ. ಹಿಂಡಬೇಡಿ. ಹಾಸಿನ ಮೇಲೆ ಹಳೆ ಬಿಳಿ ಬೆಡ್‌ಶೀಟ್ ಹರಡಿ, ಒಂದು ಬದಿ ಇನ್ನೊಂದಕ್ಕೆ ತಾಗದಂತೆ ಚಾಪೆ ಸುತ್ತಿದ ಹಾಗೆ ಸುತ್ತಿ, ಮೇಲೆ ಒತ್ತಿ. ಬೆಡ್‌ಶೀಟ್ ಒದ್ದೆಯಾದರೆ ಬದಲಿಸಿ. ನಾಲ್ಕು ಸಲ ಮಾಡಿದರೆ ಅರ್ಧ ನೀರು ಹೋಗಿರುತ್ತದೆ.

ಆಮೇಲೆ ಅಡ್ಡಡ್ಡ ಹಾಸಿ, ಕೆಳಗೂ ಗಾಳಿ ಆಡುವಂತೆ. ಅಡಿಕೆ ಕೊಯ್ಲು ಶುರುವಾಗುವ ಮೊದಲು ತೋಟದವರ ಮನೆಯಲ್ಲಿ ಅಡಿಕೆ ಒಣಗಿಸುವ ಅಟ್ಟ ಖಾಲಿ ಇರುತ್ತದೆ. ಅದರ ದಬ್ಬೆಗಳ ನಡುವೆ ಸಂದು ಇದ್ದು ಗಾಳಿ ಚೆನ್ನಾಗಿ ಆಡುತ್ತದೆ. ಆದರೆ ಹಿಂದಿನ ವರ್ಷದ ಚೊಗರು, ಅಂದರೆ ಅಡಿಕೆ ಬೇಯಿಸಿದ ಒಗರು ರಸ, ಅದಕ್ಕೆ ಹತ್ತಿರುತ್ತದೆ, ಅದು ತಾನೇ ಒಂದು ಬಣ್ಣ. ಕೆಳಗೊಂದು ಹಳೆ ಬಟ್ಟೆ ಹಾಕದೆ ಇಡಬೇಡಿ. ಅಟ್ಟ ಇಲ್ಲದವರು ನಾಲ್ಕು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಬಿದಿರಿನ ತಟ್ಟಿ ಇಟ್ಟರೂ ಆಯಿತು.

ಕಾರವಾರ, ಅಂಕೋಲಾ, ಕುಮಟಾದವರು ಬೆಳಿಗ್ಗೆ ಬೇಗ ಶುರು ಮಾಡುವುದು ಒಳ್ಳೆಯದು. ಬೆಳಗಿನ ಗಾಳಿ ಘಟ್ಟದ ಕಡೆಯಿಂದ ಸಮುದ್ರಕ್ಕೆ ಬೀಸುತ್ತದೆ. ಹೊತ್ತು ಏರಿದ ಮೇಲೆ ದಿಕ್ಕು ತಿರುಗಿ, ಸಮುದ್ರದ ತೇವ, ಉಪ್ಪು ಎರಡನ್ನೂ ಹೊತ್ತು ತರುತ್ತದೆ. ಶಿರಸಿ ಕಡೆ ಸಂಜೆಯ ಇಬ್ಬನಿ ಬೀಳುವ ಮೊದಲು ಒಳಗೆ ತರಬೇಕು. ಬಿಸಿಲಿಗೆ ಬೋರಲು ಹಾಕಿ, ಗಂಟೆಗೊಮ್ಮೆ ಮಗುಚಿ. ಜಾಸ್ತಿ ಬಿಸಿಲಿಗೂ ಬಣ್ಣ ಮಾಸುತ್ತದೆ. ಸಂಜೆಗೂ ತೇವ ಉಳಿದಿದ್ದರೆ ಒಳಗೆ ಫ್ಯಾನಿನ ಕೆಳಗೆ ಹಾಕಿ. ತೇವ ಉಳಿದರೆ ಬೂಷ್ಟು ಬರುತ್ತದೆ. ನಿಧಾನವಾಗಿ ಒಣಗಿದ ಹತ್ತಿ ಕೆಲವೊಮ್ಮೆ ಕಂದು ಬಣ್ಣಕ್ಕೂ ತಿರುಗುತ್ತದೆ. ನಾರಿನೊಳಗಿನದೇ ಕಂದು ಪದಾರ್ಥ ನೀರಿನ ಜೊತೆ ಮೇಲೆ ಬಂದು ನಿಲ್ಲುವುದರಿಂದ ಹಾಗಾಗುತ್ತದೆ. ಅದನ್ನು ಕೊಳೆ ಎಂದುಕೊಂಡು ಮತ್ತೆ ತೊಳೆದರೆ ಇನ್ನೂ ಜಾಸ್ತಿ ಆಗುತ್ತದೆ. ತುಸು ವಿನೆಗರ್ ಬೆರೆಸಿದ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಬೇಗ ಒಣಗಿಸಿದರೆ ಕಡಿಮೆ ಆಗುತ್ತದೆ.

ಕವಳ ಮತ್ತು ಅರಿಶಿನದ ಕಲೆ

ಜಗಲಿಯ ಜಮಖಾನೆ ಅಂದಮೇಲೆ ಕವಳದ, ಅಂದರೆ ಎಲೆ ಅಡಿಕೆಯ, ಕಲೆ ಇಲ್ಲದೆ ಇರುವುದಿಲ್ಲ. ಅಡಿಕೆಯ ಒಗರು ಸುಣ್ಣದ ಜೊತೆ ಸೇರಿ ಕೆಂಪಾಗುತ್ತದೆ, ಹತ್ತಿಯನ್ನು ಬಿಗಿಯಾಗಿ ಹಿಡಿಯುತ್ತದೆ. ಬಿದ್ದ ಕೂಡಲೇ ಬಟ್ಟೆಯಿಂದ ಒತ್ತಿ, ಹೊರಗಿನಿಂದ ಒಳಕ್ಕೆ, ತಣ್ಣೀರು ಹಾಕಿ ಮತ್ತೆ ಒತ್ತಿ. ಒಣಗಿ ಹಳೆಯದಾದ ಕಲೆಯನ್ನು ತೆಗೆಯಲು ಹೋದರೆ ಹಾಸಿನ ಬಣ್ಣವೇ ಮೊದಲು ಹೋಗುತ್ತದೆ, ಬಿಟ್ಟುಬಿಡಿ. ಅರಿಶಿನ ಸುಲಭ. ಸೋಪು ತಾಗಿದಾಗ ಕೆಂಪಾದರೆ ಹೆದರಬೇಡಿ, ನೀರು ಹೊಯ್ದಾಗ ಮತ್ತೆ ಹಳದಿ ಆಗುತ್ತದೆ. ಉಳಿದದ್ದನ್ನು ಬಿಸಿಲು ತಿನ್ನುತ್ತದೆ.

ಬಣ್ಣ ಈಗಾಗಲೇ ಹರಡಿದ್ದರೆ

ಒಣಗಲು ಬಿಡಬೇಡಿ. ನಾನು ಮಾಡಿದ ಕೊನೆಯ ತಪ್ಪು ಅದು. ಗಾಬರಿಯಲ್ಲಿ ಜಮಖಾನೆಯನ್ನು ಹಗ್ಗಕ್ಕೆ ಹಾಕಿ, ಒಣಗಿದ ಮೇಲೆ ನೋಡೋಣ ಎಂದುಕೊಂಡೆ. ಹೊಸದಾಗಿ ಹತ್ತಿದ ಬಣ್ಣ ಒದ್ದೆ ಇರುವಾಗ ಸಡಿಲವಾಗಿರುತ್ತದೆ, ಒಣಗಿದರೆ ಅಲ್ಲೇ ನೆಲೆ ಮಾಡುತ್ತದೆ. ಹಾಗಾಗಿ ತಕ್ಷಣ ಇಳಿಜಾರಿಗೆ ಹಾಕಿ, ಸೌಮ್ಯ ಸೋಪಿನ ತಣ್ಣೀರು ಹೊಯ್ದು, ಆಮೇಲೆ ಸಾದಾ ನೀರು ಧಾರಾಳವಾಗಿ ಹರಿಸಿ. ಬಣ್ಣ ಹೀರುವ ಹಾಳೆಗಳು ಸಿಗುತ್ತವೆ. ನೀರಿನಲ್ಲಿ ತೇಲುವ ಬಣ್ಣವನ್ನು ಅವು ಹಿಡಿಯುತ್ತವೆ, ಆದರೆ ಪೂರ್ತಿ ಕಾವಲು ಕಾಯಲಾರವು. ಬ್ಲೀಚಿಂಗ್ ಪುಡಿಯಾಗಲಿ, ಬಿಳುಪು ಮಾಡುವ ದ್ರವವಾಗಲಿ ಬೇಡ. ಹತ್ತಿದ ಬಣ್ಣ ಯಾವುದು, ಹಾಸಿನ ಸ್ವಂತ ಬಣ್ಣ ಯಾವುದು ಎಂದು ಅವಕ್ಕೆ ಗೊತ್ತಾಗುವುದಿಲ್ಲ.

ಕೌದಿಗೆ ಮಾತ್ರ ಇನ್ನೊಂದು ಎಚ್ಚರ. ಸಿದ್ದಿ ಕೌದಿಯ ಮೂಲೆಗಳಲ್ಲಿ ಬಟ್ಟೆಯ ಪುಟ್ಟ ತುಂಡುಗಳನ್ನು ಮಡಿಸಿ ಪದರ ಪದರವಾಗಿ ಹೊಲಿದಿರುತ್ತಾರೆ, ಅದಕ್ಕೆ ಫುಲಾ ಎನ್ನುತ್ತಾರೆ. ಉಳಿದ ಭಾಗ ಒಣಗಿದರೂ ಆ ನಾಲ್ಕು ಮೂಲೆಗಳಲ್ಲಿ ನೀರು ಉಳಿದಿರುತ್ತದೆ, ಬಣ್ಣ ಹರಡುವುದೂ ಅಲ್ಲಿಂದಲೇ. ಒಣಬಟ್ಟೆಯಿಂದ ಮೊದಲು ಅವನ್ನೇ ಒತ್ತಿ. ಮಡಚಿ ಇಡುವ ಮೊದಲು ಬೆರಳಿನಿಂದ ಒತ್ತಿ ನೋಡುವುದೂ ಅವನ್ನೇ.